ಆಚೆ ಬದಿಯ ಬಸ್ ಸ್ಟಾಪು

ಕೆಲವರಿಗೆ ಜಿರಲೆ ಕಂಡರೆ ಭಯ, ಕೆಲವರಿಗೆ ಮಾವನವರನ್ನು ಕಂಡರೆ ಭಯ. ನನಗೆ ರಸ್ತೆಯ ಆಚೆ ಬದಿಯನ್ನು ಕಂಡರೆ ಭಯ. ಗಂಡಸಾದವನು ಇದನ್ನು ಹೇಳಿಕೊಳ್ಳಬಾರದು, ಅದರಲ್ಲೂ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರನ್ನು ಗದರಿಸಿ ಸಂಬಳ ತೆಗೆದುಕೊಳ್ಳುವವನು ಹೇಳಿಕೊಳ್ಳಲೇಬಾರದು. ಆದರೆ ಏನು ಮಾಡಲಿ, ನಮ್ಮ ಮನೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ, ಮಾಗಡಿ ರಸ್ತೆಯ ಆಚೆ ಬದಿಯಲ್ಲಿ, ಪೇಟೆಯ ಕಡೆಗೆ ಹೋಗುವ ಬಸ್ಸಿನ ಸ್ಟಾಪಿದೆ. ದಿನಾ ಬೆಳಿಗ್ಗೆ ಈಚೆ ಬದಿಯಲ್ಲಿ ನಿಂತು ಅದನ್ನು ನೋಡುವಾಗ, ಹಿಂದಿನ ಕಾಲದಲ್ಲಿ ಕಾಶಿಗೆ ಹೊರಟವರು ಮಕ್ಕಳು ಮರಿಗಳನ್ನೆಲ್ಲ ಕರೆದು ತಲೆ ಸವರಿ ಹೊರಡುತ್ತಿದ್ದರಂತಲ್ಲ, ಅದು ನೆನಪಾಗುತ್ತದೆ. ಈ ಊರಿನಲ್ಲಿ ನಡೆಯುವವನು ಎಂದರೆ ಇನ್ನೂ ಸ್ಕೂಟರ್ ಸಿಗದವನು ಎಂದಷ್ಟೇ ಅರ್ಥ. ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾದ ಕಾಲ ಇದು. ಅದು ಬರುವವರೆಗೆ ಮನುಷ್ಯ ಬದುಕಿರಬೇಕಲ್ಲ ಎಂಬುದನ್ನು ಮಾತ್ರ ಯಾರೂ ಯೋಚಿಸಿದಂತಿಲ್ಲ.

ನಾವು ಗೋವಿಂದರಾಜನಗರಕ್ಕೆ ಬಾಡಿಗೆಗೆ ಬಂದಾಗ ಈ ರಸ್ತೆ ಹೀಗಿರಲಿಲ್ಲ. ನಡುವೆ ಒಂದಿಷ್ಟು ಡಾಂಬರು, ಎರಡೂ ಬದಿಗೆ ಮಣ್ಣು, ಮಣ್ಣಿನ ಅಂಚಿಗೆ ಹೊಂಗೆಮರಗಳು. ಡಾಂಬರಿನ ಮೇಲೆ ಬಸ್ಸು ಲಾರಿ ಹೋಗುತ್ತಿದ್ದವು. ಮಣ್ಣಿನಲ್ಲಿ ನಾವು, ಮಿಲ್ಲಿಗೆ ಹೋಗುವ ಸೈಕಲ್ಲುಗಳು, ತರಕಾರಿ ಬುಟ್ಟಿ ಹೊತ್ತ ಹೆಂಗಸರು, ಮೇಕೆಗಳು, ಎಲ್ಲರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಹೋಗುತ್ತಿದ್ದೆವು. ಹೊಂಗೆ ಹೂ ಬಿಡುವ ಕಾಲದಲ್ಲಿ ಚಪ್ಪಲಿಗೆಲ್ಲ ಹೂ ಅಂಟಿಕೊಂಡು ಕಚೇರಿಯವರೆಗೂ ಬರುತ್ತಿತ್ತು. ಆಮೇಲೆ ರಸ್ತೆ ಅಗಲ ಮಾಡುತ್ತಾರೆ ಎಂಬ ಸುದ್ದಿ ಬಂತು. ನಾವೆಲ್ಲ ಹಿಗ್ಗಿದೆವು. ಯಾಕೆ ಹಿಗ್ಗಿದೆವೋ ಆ ಶಿವನಿಗೇ ಗೊತ್ತು. ಮರಗಳನ್ನು ಉರುಳಿಸಿದರು, ಮಣ್ಣಿನ ಮೇಲೆಲ್ಲ ಡಾಂಬರು ಸುರಿದರು. ಕಡಿದ ಒಂದು ದೊಡ್ಡ ಹೊಂಗೆಮರದ ಬುಡದಲ್ಲಿ ಒಂದು ತುಂಡು ಮಣ್ಣು ಮಾತ್ರ ಉಳಿಯಿತು, ನಾಲ್ಕು ಜನ ಒತ್ತಿಕೊಂಡು ನಿಲ್ಲುವಷ್ಟು. ಕೆಲಸ ನೋಡಿಕೊಳ್ಳಲು ಬಂದಿದ್ದ ಎಂಜಿನಿಯರರನ್ನು ನಾನೇ ಕೇಳಿದೆ: “ಸಾರ್, ನಡೆಯೋರಿಗೆ?”

“ಮೊದಲು ರಸ್ತೆ ಆಗ್ಲಿ ಸಾರ್. ಜಾಗ ಮಿಕ್ಕರೆ ಫುಟ್‌ಪಾತ್ ಮಾಡೋಣ.”

“ಸೈಕಲ್‌ನವರು?”

“ಅವರು ಬಿಡಿ, ಹೆಂಗೋ ನುಗ್ಗಿಕೊಂಡು ಹೋಗ್ತಾರೆ.”

ಜಾಗ ಮಿಗಲಿಲ್ಲ. ನಮ್ಮ ಮನೆಯಲ್ಲೂ ಮಿಕ್ಕಿದ್ದನ್ನು ಬೆಕ್ಕಿಗೆ ಹಾಕುವ ಪದ್ಧತಿ ಇದೆ. ಆದರೆ ಗಿರಿಜೆ ಅಕ್ಕಿ ತೊಳೆಯುವಾಗಲೇ ಬೆಕ್ಕನ್ನೂ ಲೆಕ್ಕಕ್ಕೆ ಹಿಡಿದು ಒಂದು ಹಿಡಿ ಹೆಚ್ಚಿಗೆ ಹಾಕಿರುತ್ತಾಳೆ.

ಗಿರಿಜೆ ನನ್ನ ಹೆಂಡತಿ. ಪೇಟೆಯ ಒಂದು ಶಾಲೆಯಲ್ಲಿ ಒಂದನೆಯ ತರಗತಿಗೆ ಟೀಚರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎಡಗಾಲು ಸೋತಿದೆ. ನಡೆಯುತ್ತಾಳೆ, ಚೆನ್ನಾಗಿಯೇ ನಡೆಯುತ್ತಾಳೆ, ಆದರೆ ಅವಳದೇ ನಡಿಗೆಯಲ್ಲಿ. ಓಡು ಎಂದರೆ ಆಗುವುದಿಲ್ಲ. ಹೆಣ್ಣು ನೋಡಲು ಹೋದಾಗ ನಮ್ಮ ಸೋದರತ್ತೆ ಎಲ್ಲರೆದುರಿಗೇ, “ಹುಡುಗಿ ಒಂದು ಸಲ ನಡೆದು ತೋರಿಸ್ಲಿ” ಅಂದಿದ್ದರು. ಆಗಿನ ಕಾಲದ ಕ್ರಮ ಅದು, ಎತ್ತು ಕೊಳ್ಳುವಾಗಲೂ ಹಾಗೆಯೇ. ಗಿರಿಜೆ ಅಡಿಗೆಮನೆಯ ಬಾಗಿಲಿಂದ ನಡುಮನೆಯವರೆಗೆ ನಡೆದು ಬಂದು, ನಮ್ಮ ಅತ್ತೆಯ ಮುಂದೆ ನಿಂತು, “ಸಾಕಾ, ಇನ್ನೊಂದು ಸಲ ಬರಬೇಕಾ?” ಎಂದು ಕೇಳಿದಳು. ಅಲ್ಲಿಗೆ ನಾನು ಮನಸ್ಸಿನಲ್ಲೇ ಒಪ್ಪಿಕೊಂಡೆ. ಅಂಥವಳಿಗೆ ಈಗ ಈ ರಸ್ತೆ ಓಡಿ ತೋರಿಸು ಎನ್ನುತ್ತಿತ್ತು. ಸಂಜೆ ಪರವಾಗಿಲ್ಲ, ಬಸ್ಸು ನಮ್ಮ ಬದಿಗೇ ತಂದು ಇಳಿಸುತ್ತದೆ. ಬೆಳಿಗ್ಗೆ ಮಾತ್ರ ದಾಟಲೇಬೇಕು. ದಾಟದಿದ್ದರೆ ಶಾಲೆಯಿಲ್ಲ, ಮಕ್ಕಳಿಲ್ಲ, ಕೆಲಸವಿಲ್ಲ. ಮಕ್ಕಳಿಲ್ಲ ಎಂದಾಗ ನಮ್ಮ ಮನೆಯ ಮಟ್ಟಿಗೆ ಅದು ಸುಮ್ಮನೆ ಆಡುವ ಮಾತಲ್ಲ. ಅವಳಿಗಿದ್ದ ಮಕ್ಕಳೆಲ್ಲ ಆ ಒಂದನೆಯ ತರಗತಿಯಲ್ಲೇ ಇದ್ದವು.

ಹೀಗಾಗಿ ಬೆಳಿಗ್ಗೆ ಅವಳನ್ನು ದಾಟಿಸುವುದು ನನ್ನ ಪಾಲಿನ ಮನೆಗೆಲಸವಾಯಿತು. ಮರ ಕಡಿದಲ್ಲಿ ಉಳಿದಿದ್ದ ಆ ಮಣ್ಣಿನ ಮೇಲೆ ನಿಂತು ಕಾಯುತ್ತಿದ್ದೆವು. ನಾನು ಒಂದು ಕೈಯಲ್ಲಿ ಅವಳನ್ನು ಹಿಡಿದು, ಇನ್ನೊಂದು ಕೈಯನ್ನು ಲಾರಿಗಳಿಗೆ ಆಶೀರ್ವಾದ ಮಾಡುವಂತೆ ಎತ್ತಿ, ಒಂದು ಹೆಜ್ಜೆ ಇಟ್ಟು ಎರಡು ಹೆಜ್ಜೆ ಹಿಂದಕ್ಕೆ ಹಾರುತ್ತಿದ್ದೆ. “ರೀ, ನೀವೇ ಹೆದರಿಕೊಂಡ್ರೆ ನನ್ನನ್ನ ಹೇಗೆ ದಾಟಿಸ್ತೀರಿ? ಕೈ ಬಿಡಿ, ನಾನೇ ನಿಮ್ಮನ್ನ ದಾಟಿಸ್ತೀನಿ” ಎನ್ನುತ್ತಿದ್ದಳು. ಆಚೆ ತಲುಪುವ ಹೊತ್ತಿಗೆ ಬಸ್ಸು ಹೊರಟಿರುತ್ತಿತ್ತು. ಕಂಡಕ್ಟರು ಬಾಗಿಲಿನಿಂದ ಬಗ್ಗಿ, “ಬೇಗ ಬರಬೇಕಮ್ಮ, ನಿಮಗೋಸ್ಕರ ಬಸ್ಸು ನಿಲ್ಲಿಸ್ಕೊಂಡು ಕೂರಕ್ಕಾಗುತ್ತಾ?” ಎಂದು ಬುದ್ಧಿ ಹೇಳಿ ಹೋಗುತ್ತಿದ್ದ.

ನಿಜವಾಗಿ ಅವಳನ್ನು ದಾಟಿಸುತ್ತಿದ್ದವನು ನಂಜುಂಡಪ್ಪ. ನಮ್ಮ ಹಿಂದಿನ ವಠಾರದವನು, ಮಿಲ್ಲಿನಲ್ಲಿ ಕೆಲಸ, ಅದೇ ಹೊತ್ತಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ. ನಮ್ಮನ್ನು ಕಂಡ ಕೂಡಲೇ ಇಳಿದು ಸೈಕಲ್ಲನ್ನು ರಸ್ತೆಗೆ ಅಡ್ಡ ನಿಲ್ಲಿಸಿಕೊಂಡು, ಲಾರಿಯವರು ಏನು ಬೈದರೂ ಅದಕ್ಕಿಂತ ಒಂದು ಕೈ ಮೇಲೆಯೇ ಬೈದು, “ಬನ್ನಿ ಟೀಚರಮ್ಮ, ನಿಧಾನವಾಗೇ ಬನ್ನಿ. ಅವನಿಗೆ ಅರ್ಜೆಂಟಿದ್ರೆ ನನ್ ಮೇಲೆ ಹತ್ತಿಸ್ಲಿ” ಎನ್ನುತ್ತಿದ್ದ. ನಾನು ಅವಳ ಹಿಂದೆ, ಸರ್ಕಾರಿ ನೌಕರನಿಗೆ ತಕ್ಕ ಗಾಂಭೀರ್ಯದಿಂದ, ಅವನ ಸೈಕಲ್ಲಿನ ಮರೆಯಲ್ಲಿ ದಾಟುತ್ತಿದ್ದೆ.

ಹೀಗೆ ಎಷ್ಟು ದಿನ ಎಂದು ಎಂಜಿನಿಯರರ ಕಚೇರಿಗೂ ಹೋದೆ. ಅವರು ಒಳ್ಳೆಯವರು, ಕಾಫಿ ತರಿಸಿಕೊಟ್ಟರು, ರಸ್ತೆಗೆ ಅಡ್ಡಲಾಗಿ ಬಿಳಿ ಪಟ್ಟೆ ಬಳಿಸಿದರು. ಪಟ್ಟೆ ಬಹಳ ಚೆನ್ನಾಗಿತ್ತು. ಲಾರಿಯವರು ಅದನ್ನು ರಸ್ತೆಯ ಅಲಂಕಾರ ಎಂದು ತಿಳಿದು ಅದರ ಮೇಲೆಯೇ ಓಡಿಸಿ ಸ್ವಲ್ಪ ದಿನದಲ್ಲಿ ಅಳಿಸಿ ಹಾಕಿದರು.

ನಂಜುಂಡಪ್ಪ ಸತ್ತಿದ್ದು ನಾವು ನಿಲ್ಲುತ್ತಿದ್ದ ಆ ಮಣ್ಣಿಗೆ ನಾಲ್ಕೇ ಮಾರು ಹಿಂದೆ. ಮಿಲ್ಲಿನಿಂದ ಸಂಜೆ ವಾಪಸು ಬರುತ್ತಿದ್ದ. ಹಿಂದಿನಿಂದ ಬಂದ ಲಾರಿ ಎಡಕ್ಕೆ ಒತ್ತಿತು. ಎಡಕ್ಕೆ ಸರಿಯಲು ಮೊದಲಾದರೆ ಮಣ್ಣಿತ್ತು. ಈಗ ಡಾಂಬರಿನ ಅಂಚು, ಅದರಾಚೆ ಮುಚ್ಚದ ಚರಂಡಿ. ಗಿರಿಜೆ ಬಸ್ಸಿಳಿದಾಗ ಜನ ಸೇರಿದ್ದರು. ಅವಳು ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಾನು ಕಚೇರಿಯಿಂದ ಬಂದು ಏನಾಯಿತು ಎಂದು ಕೇಳಿದೆ. “ಬೆಳಿಗ್ಗೆ ಅವನು ನನಗೋಸ್ಕರ ಲಾರಿಯವರ ಹತ್ತಿರ ಬೈಸ್ಕೊಂಡ ಕಣ್ರೀ” ಎಂದು ಅಳುವುದಕ್ಕೆ ಶುರುಮಾಡಿದಳು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಅವನ ಹೆಂಡತಿಯ ಹತ್ತಿರ ಹೋಗಿ ಕೂತಿದ್ದು ವಾಪಸು ಬಂದೆವು.

ಮಾರನೆಯ ದಿನ ಬೀದಿಯವರೆಲ್ಲ ನಮ್ಮ ಜಗುಲಿಯಲ್ಲಿ ಸೇರಿದರು. ಮೊದಲು ಹೊಲಗಳಿದ್ದ ಈ ಜಾಗದ ಹಳೆಯ ಒಡೆಯರು ಮುನಿಯಪ್ಪನವರು. ಈಗ ಹೊಲ ಹೋಗಿ ಬಾಡಿಗೆ ಮನೆಗಳು ಬಂದಿವೆ, ನಮ್ಮದೂ ಅವರದೇ ಮನೆ. ಅವರು ಟವಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದರು: “ಆ ಹೊಂಗೆಮರದ ಬುಡದಲ್ಲಿ ನಮ್ ತಾತನ್ ಕಾಲದಿಂದ ಮುನೇಶ್ವರ ಇದ್ದ ಸ್ವಾಮಿ. ಹೇಳ್ದೆ ಕೇಳ್ದೆ ಎಬ್ಬಿಸ್ಬುಟ್ರು. ಸುಮ್ನೆ ಬಿಡ್ತಾನಾ? ಜಾಗ ಸರಿಗಿಲ್ಲ.”

ಎಲ್ಲರೂ ತಲೆಯಾಡಿಸಿದರು. ಒಳಗಿನಿಂದ ಗಿರಿಜೆ, “ಜಾಗ ಸರಿ ಇಲ್ಲ ಅಂತಲ್ಲ ಮುನಿಯಪ್ಪನೋರೇ, ಜಾಗವೇ ಇಲ್ಲ” ಅಂದಳು. ಹೆಂಗಸು ದುಃಖದಲ್ಲಿದ್ದಾಳೆ ಎಂದು ಯಾರೂ ಅದನ್ನು ಮನಸ್ಸಿಗೆ ತೆಗೆದುಕೊಳ್ಳಲಿಲ್ಲ.

ಅಮಾವಾಸ್ಯೆಗೆ ಶಾಂತಿ ಎಂದು ಗೊತ್ತಾಯಿತು. ಎಂಜಿನಿಯರರೂ ಬಂದರು, ಇಲಾಖೆಯ ಜೀಪಿನಲ್ಲಿ, ಒಂದು ಭಾರಿ ಬೂದುಗುಂಬಳಕಾಯಿಯೊಂದಿಗೆ. ಅದಕ್ಕೆ ಕುಂಕುಮ ತುಂಬಿ ರಸ್ತೆಯ ನಡುವೆ ಒಡೆದು, ನಿಂಬೆಹಣ್ಣು ಹಿಂಡಿ ಇಟ್ಟರು. ಇಲ್ಲಿ ನೋಡಿ ನನ್ನ ತಲೆ ಕೆಟ್ಟಿದ್ದು. ಮಾರನೆಯ ಬೆಳಿಗ್ಗೆ ನಾನೂ ಗಿರಿಜೆಯೂ ಅಲ್ಲಿ ನಿಂತಿದ್ದೇವೆ, ಕಲ್ಲು ತುಂಬಿದ ಲಾರಿ ಯಮನ ಹಾಗೆ ಬರುತ್ತಿದೆ. ಕುಂಬಳಕಾಯಿ ಕಂಡಿತೋ ಇಲ್ಲವೋ, ಕಿರ್ರೆಂದು ಬ್ರೇಕು! ಹಿಂದೆ ಬಸ್ಸು ನಿಂತಿತು. ಸ್ಕೂಟರಿನವನು ಕಾಲು ಕೊಟ್ಟು ನಿಂತ. ಮನುಷ್ಯರಿಗೆ ನಿಲ್ಲದವರು, ಪಟ್ಟೆಗೆ ನಿಲ್ಲದವರು, ಒಡೆದ ಕುಂಬಳಕಾಯಿಯನ್ನು ಚಕ್ರಕ್ಕೆ ತಗುಲಿಸಿಕೊಳ್ಳದೆ ದಾಟುವುದಕ್ಕಾಗಿ ಮದುಮಕ್ಕಳಂತೆ ಅಡಿಯಿಡುತ್ತಿದ್ದರು. ನಾವು ನಡೆದುಕೊಂಡು ದಾಟಿದೆವು. ನಡುವೆ ನಿಂತು ಗಿರಿಜೆ ಆಚೆ ಈಚೆ ನೋಡಿ, “ರೀ, ಈ ರಸ್ತೆ ಇಷ್ಟೇನಾ ಅಗಲ?” ಅಂದಳು.

ಕುಂಬಳಕಾಯಿಯನ್ನು ಹಸುಗಳು ತಿಂದು ಮುಗಿಸಿದವು. ಶಾಶ್ವತವಾದದ್ದು ಏನಾದರೂ ಬೇಕು ಎಂದು ನನಗೆ ಅನ್ನಿಸತೊಡಗಿತು. ಮುನೇಶ್ವರನಿಗೆ ಒಂದು ಗುಡಿ ಕಟ್ಟಿಸಿಬಿಡೋಣ ಎಂದು ಮುನಿಯಪ್ಪನವರು ಹೊರಟಾಗ, ಕಮಿಟಿಗೆ ಸೇರಿದ ಮೊದಲನೆಯವನು ನಾನು. ಇಷ್ಟಲಿಂಗ ಬಿಟ್ಟು ಇನ್ನೊಂದಕ್ಕೆ ಕೈಮುಗಿಯಬಾರದು ಎಂದು ಕಲಿಸಿದ ಮನೆತನ ನಮ್ಮದು. ಆದರೆ ನನ್ನದು ಭಕ್ತಿಯಲ್ಲ, ತಂತ್ರ. ಕುಂಬಳಕಾಯಿಗೇ ಇಷ್ಟು ಹೆದರುವವರು ಮುನೇಶ್ವರನ ಎದುರಿಗೆ ಗಾಡಿ ಓಡಿಸುತ್ತಾರೆಯೇ? ಗಿರಿಜೆಗೆ ಹೇಳಿದರೆ ತಲೆ ಚಚ್ಚಿಕೊಂಡಳು.

“ಅಲ್ರೀ, ನಮಗೆ ಬೇಕಿರೋದು ನಿಂತ್ಕೊಳ್ಳೋಕೆ ಜಾಗ. ನೀವು ಅಲ್ಲಿ ದೇವರನ್ನ ನಿಲ್ಲಿಸ್ತೀನಿ ಅಂತೀರಲ್ಲ, ನಾನೆಲ್ಲಿ ನಿಲ್ಲಲಿ?”

“ನೀನು ನಿಲ್ಲೋದೇ ಬೇಕಾಗಲ್ಲ ಕಣೇ. ಗಾಡಿಗಳೇ ನಿಲ್ತವೆ.”

ಎಂಜಿನಿಯರರು ಒಂದೇ ಮಾತಿಗೆ ಒಪ್ಪಿದರು. “ದೇವರಿಗೆ ಜಾಗ ಇಲ್ಲ ಅನ್ನೋಕಾಗುತ್ತಾ ಸಾರ್?” ಅಂದರು. ಮರ ಕಡಿದಲ್ಲಿ ಉಳಿದಿದ್ದ ಮಣ್ಣಿನ ಮೇಲೆ ಗುಡಿ ಎದ್ದಿತು. ತ್ರಿಶೂಲ, ಗಂಟೆ, ಮೀಸೆ ಹೊತ್ತ ಮುನೇಶ್ವರ, ಎಲ್ಲ ಆಯಿತು. ಗಾಡಿಗಳು ನಿಲ್ಲಲಿಲ್ಲ. ನಿಂಬೆಹಣ್ಣು ಕಂಡರೆ ಕೆಟ್ಟದ್ದು ತಗುಲೀತು ಎಂಬ ಹೆದರಿಕೆ ಇತ್ತು. ಗುಡಿ ಕಂಡ ಮೇಲೆ ಕಾಯುವವನೊಬ್ಬ ಇದ್ದಾನಲ್ಲ ಎಂಬ ಧೈರ್ಯ ಬಂತು. ಡ್ರೈವರುಗಳು ಅಲ್ಲಿಗೆ ಬರುತ್ತಲೇ ಸ್ಟೇರಿಂಗಿನಿಂದ ಒಂದು ಕೈ ತೆಗೆದು, ಎದೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಅದೇ ವೇಗದಲ್ಲಿ ಹೋಗುತ್ತಿದ್ದರು. ಮೊದಲಾದರೆ ಕಣ್ಣು ಬಿಟ್ಟುಕೊಂಡಾದರೂ ಬರುತ್ತಿದ್ದರು.

ಸ್ವಲ್ಪ ದಿನ ಗಿರಿಜೆ ಹಟ ಹಿಡಿದು ದಾಟಿದಳು. ಗುಡಿಯ ಗೋಡೆಗೆ ಬೆನ್ನು ಹಚ್ಚಿ ಡಾಂಬರಿನ ಮೇಲೆಯೇ ನಿಲ್ಲಬೇಕಾಗಿತ್ತು. ಒಂದು ಬೆಳಿಗ್ಗೆ ಲಾರಿಯ ಹಿಂಬದಿಯ ಕೊಕ್ಕೆ ಅವಳ ಚೀಲಕ್ಕೆ ಸಿಕ್ಕಿ ಎಳೆದುಬಿಟ್ಟಿತು. ಚೀಲದ ಹಿಡಿ ಹರಿದಿದ್ದಕ್ಕೆ ಉಳಿದಳು. ಮಂಡಿ ತರಚಿ ಕೂತಿದ್ದವಳನ್ನು ಎಬ್ಬಿಸಲು ಹೋದರೆ ನನ್ನ ಕೈ ಹಿಡಿಯಲಿಲ್ಲ. “ನಡೀರಿ ಮನೆಗೆ. ಇನ್ನು ನಾನು ದಾಟಲ್ಲ” ಅಂದಳು. ಆ ವಾರವೇ ಕೆಲಸ ಬಿಟ್ಟಳು. ಶಾಲೆಯ ಹತ್ತಿರ ಮನೆ ಮಾಡೋಣವೆಂದರೆ ಪೇಟೆಯ ಬಾಡಿಗೆ ನಮ್ಮ ಕೈಗೆ ಎಟುಕುವುದಲ್ಲ. ಬೆಳಿಗ್ಗೆ ಶಾಲೆಯ ಹೊತ್ತಿಗೆ ಅವಳು ಹಿತ್ತಿಲಿಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುವುದನ್ನು ನೋಡಲಾಗದೆ, ನಾನು ಬೇಗ ಕಚೇರಿಗೆ ಹೊರಟುಬಿಡುತ್ತಿದ್ದೆ.

ಆಮೇಲೆ ಎಂಜಿನಿಯರರು ಇನ್ನೊಂದು ಉಪಕಾರ ಮಾಡಿದರು. ಭಕ್ತಾದಿಗಳು ಹೆಚ್ಚಾಗಿದ್ದರು, ಪ್ರದಕ್ಷಿಣೆ ಹಾಕುವವರಿಗೆ ಗಾಡಿ ತಗುಲಬಾರದಲ್ಲ! ರಸ್ತೆಯನ್ನು ಅಷ್ಟಗಲ ಒಳಕ್ಕೆ ತಳ್ಳಿ, ಚರಂಡಿಗೆ ಚಪ್ಪಡಿ ಮುಚ್ಚಿಸಿ, ಗುಡಿಯ ಸುತ್ತ ಎತ್ತರಿಸಿದ ಕಲ್ಲುಹಾಸು ಮಾಡಿಸಿದರು. ಅಂಚಿಗೆ ಗಟ್ಟಿಯಾದ ಕಬ್ಬಿಣದ ಕಂಬಿ. ಇಬ್ಬರು ಪಕ್ಕಪಕ್ಕದಲ್ಲಿ ಆರಾಮವಾಗಿ ನಡೆಯಬಹುದು. ಕಾಲು ಸೋತವರಿಗೆ ಹಿಡಿದುಕೊಳ್ಳಲು ಹಿಡಿಯೂ ಉಂಟು. ಇಡೀ ಮಾಗಡಿ ರಸ್ತೆಯಲ್ಲಿ ನನ್ನ ಕಣ್ಣಿಗೆ ಬಿದ್ದ ಒಂದೇ ಒಂದು ಫುಟ್‌ಪಾತು ಅದು. ಎಲ್ಲಿಂದ ಹೊರಟರೂ ಹೊರಟಲ್ಲಿಗೇ ತಂದು ಬಿಡುತ್ತದೆ.

ಗಿರಿಜೆ ಈಗ ದಿನಾ ಸಂಜೆ ಅಲ್ಲಿಗೆ ಹೋಗುತ್ತಾಳೆ. ದೇವರ ಕಡೆ ತಿರುಗಿಯೂ ನೋಡುವುದಿಲ್ಲ, ಸುಮ್ಮನೆ ನಡೆಯುತ್ತಾಳೆ, ಸುತ್ತು ಹಾಕುತ್ತಲೇ ಇರುತ್ತಾಳೆ. “ಎಂಥಾ ಭಕ್ತಿ ನೋಡ್ರೀ ಟೀಚರಮ್ಮಂದು, ಕಾಲು ಸರಿಹೋಗ್ಲಿ ಅಂತ ಹರಕೆ ಇರಬೇಕು” ಎಂದು ಹೆಂಗಸರು ಮಾತಾಡಿಕೊಳ್ಳುತ್ತಾರೆ. ಮೊನ್ನೆ, “ಸಾಕು ಬಾರೇ, ಕತ್ತಲಾಯ್ತು” ಎಂದು ಕರೆದೆ. “ಇರಿ, ಎಷ್ಟು ದಿನ ಆಗಿತ್ತು ಹೀಗೆ ನಡೆದು” ಎಂದು ಇನ್ನೊಂದು ಸುತ್ತಿಗೆ ಹೊರಟಳು. ಕಂಬಿಯ ಒಳಗೆ ಚಪ್ಪಲಿ ತರುವಂತಿಲ್ಲ ಎಂಬ ನಿಯಮ ಮಾಡಿದ್ದು ಕಮಿಟಿ, ಅಂದರೆ ನಾನು. ಆದ್ದರಿಂದ ಅವಳ ಚಪ್ಪಲಿಯನ್ನೂ ನನ್ನದನ್ನೂ ಕೈಯಲ್ಲಿ ಹಿಡಿದುಕೊಂಡು, ಕಂಬಿಯ ಹೊರಗೆ, ಡಾಂಬರಿನ ಮೇಲೆ ನಿಂತಿದ್ದೆ. ಹಿಂದಿನಿಂದ ಲಾರಿಯ ಹಾರನ್ ಸದ್ದಿಗೆ ಕಿವಿ ಹರಿಯಿತು. ಹಾರಿ ಕಂಬಿಗೆ ಅಂಟಿಕೊಂಡೆ. ಲಾರಿಯವನು ಎದೆಗೆ ಮುಟ್ಟಿಸಿಕೊಂಡಿದ್ದ ಕೈಯನ್ನೇ ನನ್ನ ಕಡೆಗೆ ಬೀಸಿ ಕೂಗಿದ: “ಏನ್ ಸಾರ್, ಓದಿದೋರ ಹಂಗೆ ಕಾಣ್ತೀರಿ, ದೇವರಿಗೆ ಅಡ್ಡ ನಿಂತಿದ್ದೀರಲ್ಲ!”