ಎರಡನೇ ಗುಮಾಸ್ತನ ಹುದ್ದೆಗೆ ಮಂಜೂರಾದ ಅಲರ್ಜಿ

ಕೇರಳ ರಾಜ್ಯ ಹುಟ್ಟಿದ ಮೇಲೆ ಸರ್ಕಾರಿ ಮೊಹರು ಬಿದ್ದ ಮೊಟ್ಟಮೊದಲ ಅಲರ್ಜಿಯನ್ನು ಕಂಕುಳಲ್ಲಿಟ್ಟುಕೊಂಡು ತಿರುವನಂತಪುರದಿಂದ ಕೊಚ್ಚಿಗೆ ತಂದವನು ನಿವೃತ್ತ ಪ್ಯೂನ್ ಸುಬ್ರಾಯ. ಸಾಕ್ಷಿಯಾಗಿದ್ದ ಸೂಪರಿಂಟೆಂಡೆಂಟ್ ದಾಮೋದರರು ತೀರಿಹೋದರು, ಕಡತವನ್ನು ಗೆದ್ದಲು ತಿಂದಿತು, ಬಸ್ಸಿನ ಕಂಡಕ್ಟರ್ ಸಿಲೋನಿಗೆ ಹೋದ. ಆದ್ದರಿಂದ ತಿರುವನಂತಪುರದ ತಂಪಾನೂರಿನ ಲಾಡ್ಜಿನ ಜಗಲಿಯಲ್ಲಿ ಕೂತ ಕನ್ನಡದ ಗುಮಾಸ್ತರಿಗೆ ಸುಬ್ರಾಯ ಹೇಳಿದ್ದನ್ನು ನಂಬದೆ ವಿಧಿಯಿರಲಿಲ್ಲ.

ಸಂಗತಿ ಐವತ್ತೇಳರದು. ಕೊಚ್ಚಿಯ ಮಟ್ಟಾಂಚೇರಿಯಲ್ಲಿದ್ದ ಒಣಸರಕು ತಪಾಸಣಾ ಕಚೇರಿಯ ಎರಡನೇ ಗುಮಾಸ್ತ, ಕಾಸರಗೋಡಿನ ಜಯಕರ, ಸಿಗಡಿ ತಿಂದರೆ ಬದುಕುವ ಆಸಾಮಿಯಲ್ಲ. ಕ್ಯಾಂಟೀನಿನವನೋ ಒಣಸಿಗಡಿಯ ಪುಡಿಯನ್ನು ಚಟ್ನಿಗೂ ಹಾಕುತ್ತಿದ್ದ, ಪಲ್ಯಕ್ಕೂ ಉದುರಿಸುತ್ತಿದ್ದ. ಪಾಯಸ ತಪ್ಪಿಸಿಕೊಂಡದ್ದು ದೇವರ ದಯೆ. ಒಂದು ಮಧ್ಯಾಹ್ನ ಜಯಕರನ ತುಟಿ ಬದನೆಕಾಯಿಯಾಯಿತು, ಗಂಟಲು ಕಟ್ಟಿತು. ದೋಣಿಗೆ ಕಾಯುವ ಪುರುಸೊತ್ತಿಲ್ಲದೆ ಸುಬ್ರಾಯ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಹಿನ್ನೀರು ಈಜಿ ಎರ್ನಾಕುಳಂನ ಡಾಕ್ಟರಿಗೆ ಮುಟ್ಟಿಸಿದ. ಡಾಕ್ಟರು ಸೂಜಿ ಚುಚ್ಚಿ, ಇದಕ್ಕೆ ಅಲರ್ಜಿ ಎನ್ನುತ್ತಾರೆ, ಇನ್ನೊಮ್ಮೆ ತಿಂದರೆ ನನ್ನ ಬಳಿ ತರಬೇಡಿ, ನೇರ ಸ್ಮಶಾನಕ್ಕೆ ಒಯ್ಯಿರಿ ಎಂದರು.

ಕಚೇರಿಯಲ್ಲಿ ವಿಚಾರಣೆ ನಡೆಯಿತು. ಜೀರಿಗೆ ಕಷಾಯ ಕುಡಿದರೆ ಹೋಗುತ್ತದೆ ಎಂದರು ಹೆಡ್ ಗುಮಾಸ್ತರು. ದಿನಕ್ಕೊಂದು ಸಿಗಡಿ ತಿಂದು ರೂಢಿ ಮಾಡಿಕೊಳ್ಳಲಿ ಎಂದ ಕ್ಯಾಷಿಯರ್. ಬರೀ ನಖರಾ ಎಂದ ಕ್ಯಾಂಟೀನಿನವನು. ದಾಮೋದರರು ನಿಯಮದ ಪುಸ್ತಕ ಮುಚ್ಚಿದರು.

"ನೋಡಿ ಜಯಕರ, ಅಲರ್ಜಿ ಬರುವುದು ಗೆಜೆಟೆಡ್ ಅಧಿಕಾರಿಗಳಿಗೆ. ಗುಮಾಸ್ತನಿಗೆ ಬಂದರೆ ಅದು ತುರಿಕೆ."

ಆದರೂ ಮನುಷ್ಯ ಒಳ್ಳೆಯವರು, ಮೇಲಕ್ಕೆ ಬರೆದರು. ಏಳು ತಿಂಗಳು ಜಯಕರ ಅವಲಕ್ಕಿ, ಬಾಳೆಹಣ್ಣಿನಲ್ಲಿ ಜೀವ ಹಿಡಿದ. ಕೊನೆಗೆ ಸುಬ್ರಾಯನ ಕಂಕುಳಲ್ಲಿ ಆಜ್ಞೆ ಬಂತು: "ಮಟ್ಟಾಂಚೇರಿ ಕಚೇರಿಯ ಎರಡನೇ ಗುಮಾಸ್ತರ ಹುದ್ದೆಗೆ ಸಿಗಡಿ ಬಾಬ್ತು ಒಂದು ಅಲರ್ಜಿಯನ್ನು ತಾತ್ಕಾಲಿಕವಾಗಿ ಮಂಜೂರು ಮಾಡಲಾಗಿದೆ. ಸದರಿ ಹುದ್ದೆಯಲ್ಲಿರುವವರು ಸಿಗಡಿ ಸೇವಿಸತಕ್ಕದ್ದಲ್ಲ."

ಜಯಕರನಿಗೆ ಬೇರೆ ಒಲೆ, ಬೇರೆ ಸೌಟು ಬಂದವು. ವರ್ಷ ತಿರುಗುವುದರೊಳಗೆ ತಿರುವನಂತಪುರಕ್ಕೆ ವರ್ಗವೂ ಆಯಿತು. ಮೇಜಿನ ಬೀಗದಕೈ, ಮಸಿಕುಡಿಕೆ, ಅಲರ್ಜಿ ಇಷ್ಟನ್ನೂ ಹೊಸಬ ಕೃಷ್ಣಾನಂದನಿಗೆ ವಹಿಸಿ ರುಜು ಹಾಕಿಸಿಕೊಂಡ. ಕುಂದಾಪುರದ ಕೃಷ್ಣಾನಂದನೋ ಸಿಗಡಿಗಾಗಿ ಹೆಂಡತಿಯನ್ನಾದರೂ ಬಿಟ್ಟಾನು. ಮೊದಲ ದಿನವೇ ಪಕ್ಕದವನ ಎಲೆಗೆ ಕೈ ಹಾಕಿ ಮೆಮೊ ತಿಂದ. ಮೂರು ತಿಂಗಳಲ್ಲಿ ಸಿಗಡಿಯ ವಾಸನೆ ಬಂದರೆ ಸಾಕು, ಎದ್ದು ನಿಂತು ಮೈ ಕೆರೆದುಕೊಳ್ಳತೊಡಗಿದ. ವಾರ್ಷಿಕ ವರದಿಯಲ್ಲಿ ಕರ್ತವ್ಯನಿಷ್ಠ ಎಂದು ಬರೆದರು.

ಜಯಕರನನ್ನು ತಿರುವನಂತಪುರಕ್ಕೆ ಮುಟ್ಟಿಸಲು ಸುಬ್ರಾಯನೇ ಹೋಗಿದ್ದ. ಸ್ವಾಗತದ ಊಟಕ್ಕೆ ಎಲೆಯ ತುಂಬ ಸಿಗಡಿ ಬಡಿಸಿದರು. ಜಯಕರ ಕೈ ಮುಗಿದ. ದೊಡ್ಡ ಸಾಹೇಬರು ಅವನ ಸೇವಾ ಪುಸ್ತಕ ತರಿಸಿ, ಪುಟ ತಿರುವಿ, ಧೈರ್ಯ ಹೇಳಿದರು.

"ಹೆದರಬೇಡಿ. ನಿಮ್ಮ ಅಲರ್ಜಿ ಮಟ್ಟಾಂಚೇರಿಯಲ್ಲಿದೆ, ಅಲ್ಲಿ ಬೇರೆಯವರು ಅದನ್ನು ಚೆನ್ನಾಗಿ ನಡೆಸುತ್ತಿದ್ದಾರೆ. ಈ ಹುದ್ದೆಗೆ ಅಂಥದ್ದೇನೂ ಮಂಜೂರಾಗಿಲ್ಲ."

"ಗಂಟಲು ನನ್ನದೇ ಅಲ್ವಾ ಸಾರ್?"

"ಗಂಟಲು ನಿಮ್ಮ ಸ್ವಂತದ್ದು. ಅದರಲ್ಲಿ ಕಚೇರಿ ಕೈ ಹಾಕುವುದಿಲ್ಲ."

ತಿನ್ನದಿದ್ದರೆ ಮಂಜೂರಾಗದ ಅಲರ್ಜಿ ಬಳಸಿದ ಅಪರಾಧ, ನೌಕರಿ ಹೋಗುತ್ತದೆ. ಊರಲ್ಲಿ ಮದುವೆಯಾಗದ ಮೂವರು ತಂಗಿಯರು. ಜಯಕರ ಕಣ್ಣು ಮುಚ್ಚಿ ಒಂದು ಸಿಗಡಿ ಬಾಯಿಗಿಟ್ಟ.

"ಅಲ್ಲಿಗೆ ಮುಗಿಯಿತು," ಎಂದ ಸುಬ್ರಾಯ. "ನನ್ನ ಈ ತೊಡೆಯ ಮೇಲೆಯೇ ಪ್ರಾಣ ಹೋದದ್ದು. ಹವೆ ಒಗ್ಗಲಿಲ್ಲ ಅಂತ ಬರೆದುಕೊಂಡರು."

ಜಗಲಿಯ ಗುಮಾಸ್ತರೆಲ್ಲ ತಲೆ ತಗ್ಗಿಸಿದರು. ತಿರುಮಲೇಶ್ವರ ಎಂಬ ಹೊಸ ಟೈಪಿಸ್ಟ್ ಮಾತ್ರ ತಲೆ ಕೆರೆದುಕೊಂಡ.

"ಅಲ್ಲ ಸುಬ್ರಾಯಣ್ಣ, ಜಯಕರಣ್ಣ ಹೋದ ಭಾನುವಾರ ಇದೇ ಬೆಂಚಲ್ಲಿ ಕೂತು ನಿಮಗೆ ಬೀಡಿ ಹಚ್ಚಿ ಕೊಟ್ಟದ್ದು ನಾನೇ ನೋಡಿದ್ದೇನಲ್ಲ?"

ಸುಬ್ರಾಯ ಅದಕ್ಕೇನೀಗ ಎಂಬಂತೆ ಭುಜ ಕುಣಿಸಿದ.

"ಕೊಟ್ಟದ್ದು ಹೌದು. ಮರಣ ಇನ್ನೂ ಮಂಜೂರಾಗಿ ಬರಲಿಲ್ಲ ಮಾರಾಯ. ಅಲ್ಲಿವರೆಗೆ ಪಾಪ, ಆಫೀಸಿಗೆ ಹೋಗದೆ ಮತ್ತೇನು ಮಾಡುವುದು?"

ಹೋಗಬೇಕಾದದ್ದೇ ಎಂದು ಉಳಿದ ಗುಮಾಸ್ತರು ಒಪ್ಪಿದರು.