ನಾಲ್ಕು ಬೆರಳಗಲದ ಜಿಡ್ಡು

ಹರ್ಷಿತಾ: ಸಾಕು ಅಜ್ಜಿ, ಇನ್ನೊಂದು ಮಾತು ಬೇಡ. ಐದು ಗಂಟೆಗೆ ಪಾರ್ಲರಿನವಳು ಬಾ ಅಂದಿದ್ದಾಳೆ. ಭುಜದ ತನಕ ಕತ್ತರಿಸಿಬಿಡ್ತೀನಿ.

ನಾನು: ಸೊಂಟ ಮುಟ್ಟೋ ಜಡೆ ಕಣೇ! ಕತ್ತರಿಸೋಕೆ ಐದು ನಿಮಿಷ, ಬೆಳೆಸೋಕೆ ಐದು ವರ್ಷ.

ಹರ್ಷಿತಾ: ಶಾಂಪೂ ಬಿಟ್ಟು ನಲವತ್ತೊಂದು ದಿನ ಆಯ್ತು. ಬರೀ ನೀರಲ್ಲಿ ತೊಳೆದ್ರೆ ಸಾಕು, ತಲೆಯ ಎಣ್ಣೆನೇ ಕೂದಲನ್ನ ಕಾಯುತ್ತೆ ಅಂತ ಓದಿದ್ದೆ. ನೋಡು ಹೇಗೆ ಕಾಯ್ತಿದೆ, ಬೋಂಡಾ ಬಾಣಲೆ ಥರ!

ಹರ್ಷಿತಾ ನನ್ನ ಮಗಳ ಮಗಳು. ಮನೆ ವಿಶಾಖಪಟ್ಟಣದಲ್ಲಿ, ಕೆಲಸ ಪರವಾಡದ ಔಷಧಿ ಕಂಪನಿಯಲ್ಲಿ. ನಾನು ಹಿರಿಯೂರಿಂದ ಬಂದು ಎರಡು ತಿಂಗಳು. ಆ ಭಾನುವಾರ ಗಡಿಯಾರದಲ್ಲಿ ನಾಲ್ಕೂ ಹತ್ತು. ನನ್ನ ಮುಂದೆ ಒಂದು ಹಿತ್ತಾಳೆ ಲೋಟ, ಮಡಿಲಲ್ಲಿ ಕಡಲೆಕಾಳು. ಅವಳು ಕೂದಲು ಮುಟ್ಟಿದಾಗೆಲ್ಲ ಲೋಟಕ್ಕೆ ಒಂದು ಕಾಳು.

ಟಣ್.

ಹರ್ಷಿತಾ: ಏನದು?

ನಾನು: ಇಪ್ಪತ್ಮೂರು. ಬೆಳಗಿಂದ ಇಪ್ಪತ್ಮೂರು ಸಲ ಮುಟ್ಟಿದೀಯ. ಕೈಯಾಡಿಸಿದಷ್ಟೂ ಕೂದಲು ಎಳೆ ಎಳೆಯಾಗಿ ಅಂಟ್ಕೊಳ್ಳುತ್ತೆ. ಮರದ ಬಾಚಣಿಗೇಲಿ ಬುಡದಿಂದ ತುದಿ ತನಕ ನಿಧಾನಕ್ಕೆ ಬಾಚಿದ್ರೆ, ಬುಡದ ಜಿಡ್ಡು ಒಣಗಿದ ತುದಿಗೆ ಇಳಿಯುತ್ತೆ. ಆಮೇಲೆ ಜಡೆ ಹೆಣೆದು ಕೈ ಕಟ್ಕೊಂಡು ಕೂರಬೇಕು.

ಹರ್ಷಿತಾ: ಸರಿಹೋಯ್ತಾ ಅಂತ ಮುಟ್ಟದೆ ಗೊತ್ತಾಗೋದು ಹೇಗೆ?

ನಾನು: ಇಡ್ಲಿ ಬೆಂತಾ ಅಂತ ಇಪ್ಪತ್ಮೂರು ಸಲ ಮುಚ್ಚಳ ತೆಗೆದ್ರೆ ಬೇಯುತ್ತಾ?

ಅಷ್ಟರಲ್ಲಿ ಅವಳ ಗಂಡ ಫಣೀಂದ್ರ ಕಾಫಿ ತಂದರು. ವಿಜಯವಾಡದ ಗವರ್ನರ್‌ಪೇಟೆಯವರು. ಕನ್ನಡ ಕಲಿತದ್ದು ಮದುವೆ ಆದಮೇಲೆ; ನಡುವೆ ತೆಲುಗು ನುಸುಳುತ್ತದೆ, ಅಜ್ಜಿಗೆ ಅಮ್ಮಮ್ಮ ಅನ್ನುತ್ತಾರೆ.

ಫಣೀಂದ್ರ: ತಪ್ಪು ಕೈದಲ್ಲ ಅಂಡಿ, ನೀರಿಂದು. ಹೋದ ವಾರ ನಮ್ಮಮ್ಮನ ಮನೇಲಿ ನಾಲ್ಕು ದಿನ ಇದ್ದಳು. ಕೂದಲು ಪಟ್ಟುಚೀರೆ, ರೇಷ್ಮೆ ಸೀರೆ ಥರ ಇತ್ತು. ಕೃಷ್ಣಾ ನೀರು!

ಹರ್ಷಿತಾ: ಹೂಂ, ಅದೇ ಕೃಷ್ಣಾ ನೀರಲ್ಲಿ ಮೂವತ್ತು ವರ್ಷ ಸ್ನಾನ ಮಾಡಿದ್ರಲ್ಲ ನೀವು. ಫಲ ಕಾಣ್ತಿದೆ.

ಅವರು ನೆತ್ತಿ ಸವರಿಕೊಂಡರು. ಅದಕ್ಕೆ ನಾನು ಕಾಳು ಹಾಕಲಿಲ್ಲ. ನನ್ನ ಲೆಕ್ಕ ಕೂದಲಿಗೆ ಮಾತ್ರ.

ನಾನು: ಇಲ್ಲಿ ಬಾರೇ, ಬೆಳಕಿಗೆ ಕೂತ್ಕೋ. ನೋಡೇಬಿಡ್ತೀನಿ.

ಹಿಂದೆ ನೋಡಿದೆ, ಜಿಡ್ಡಿಲ್ಲ. ಬಲಗಡೆ ನೋಡಿದೆ, ಇಲ್ಲ. ನೆತ್ತಿಯಿಂದ ಎಡಗಿವಿ ಕಡೆಗೆ ಮಾತ್ರ ಒಂದು ಪಟ್ಟಿ. ಕೈಯಿಟ್ಟು ಅಳೆದೆ. ಸರಿಯಾಗಿ ನಾಲ್ಕು ಬೆರಳಗಲ.

ಫಣೀಂದ್ರ ಬಗ್ಗಿ ಮೂಸಿ ನೋಡಿದರು.

ಫಣೀಂದ್ರ: ಅಮ್ಮಮ್ಮ, ಇದು ತಲೆ ಜಿಡ್ಡಿನ ವಾಸನೆ ಅಲ್ಲ. ದೇವರ ಮನೆ ವಾಸನೆ.

ಹರ್ಷಿತಾ: ನಾನು ದೇವರ ಮನೆಗೆ ಹೋಗಿ ಯಾವ ಕಾಲ ಆಯ್ತು!

ಫಣೀಂದ್ರ: ನೀನು ಹೋಗಿಲ್ಲ ಅಂತ ದೇವರೇ ಬಂದಿರಬೇಕು.

ನನ್ನ ಕೈ ಇನ್ನೂ ಅವಳ ತಲೆ ಮೇಲೇ ಇತ್ತು. ಅಚ್ಚು ಹಾಕಿದ ಹಾಗೆ ಆ ಪಟ್ಟಿಯ ಮೇಲೆ ಕೂತಿತ್ತು.

ದಿನಾ ಆರಕ್ಕೆ ಕಾಲು ಗಂಟೆ ಇರುವಾಗ ದೀಪಕ್ಕೆ ಎಳ್ಳೆಣ್ಣೆ ಹಾಕಿ ಬತ್ತಿ ಸರಿ ಮಾಡುತ್ತೇನೆ. ದೀಪದ ಎಣ್ಣೆ ಕೈಯನ್ನು ತೊಳೆಯಬಾರದು, ಬಟ್ಟೆಗೂ ಒರೆಸಬಾರದು, ತಲೆಗೆ ಸವರಬೇಕು ಅನ್ನುತ್ತಿದ್ದಳು ನಮ್ಮಮ್ಮ. ನನ್ನ ತಲೆಗೆ ಇನ್ನೇತಕ್ಕೆ ಅಂತ, ಕಂಪನಿ ಬಸ್ಸಿಗೆ ಹೊರಟ ಹುಡುಗಿಯ ತಲೆ ಸವರಿ, ಹೋಗಿ ಬಾ ಮಗಳೇ ಅನ್ನುತ್ತಿದ್ದೆ. ವಿಜಯವಾಡಕ್ಕೆ ಮಾತ್ರ, ಮಂಡಿ ನೋವು ಅಂತ ನಾನು ಹೋಗಿರಲಿಲ್ಲ.

ಗಡಿಯಾರ ನೋಡಿದೆ. ಐದಕ್ಕೆ ಕಾಲು ಗಂಟೆ. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತೆ, ಜಡೆ ಹೋಗುತ್ತೆ.

ಮಡಿಲಲ್ಲಿದ್ದ ಕಾಳನ್ನೆಲ್ಲ ಲೋಟಕ್ಕೆ ಸುರಿದೆ.

ಹರ್ಷಿತಾ: ಅಯ್ಯೋ, ಇದೇನಜ್ಜಿ ಅನ್ಯಾಯ! ನಾನು ಮುಟ್ಟಲೇ ಇಲ್ಲ!

ನಾನು: ನಿನ್ನವು ಇಪ್ಪತ್ಮೂರೇ. ಮಿಕ್ಕಿದ್ದೆಲ್ಲ ನನ್ನವು. ದೀಪದ ಕೈ ಕಣೇ, ಬೆಳಿಗ್ಗೆ ನಿನ್ನ ತಲೆಗೇ ಒರೆಸ್ತಿದ್ದೆ.

ಹರ್ಷಿತಾ: ನಾನು ಆಶೀರ್ವಾದ ಅಂದ್ಕೊಂಡಿದ್ದೆ!

ನಾನು: ಆಶೀರ್ವಾದನೇ. ಎಣ್ಣೆ ಸ್ವಲ್ಪ ಮುಂದಾಯ್ತು.

ಅವಳು ನಕ್ಕಳೋ ಸಿಟ್ಟಾದಳೋ, ಮುಖ ತಿರುಗಿಸಿಕೊಂಡಿದ್ದರಿಂದ ಕಾಣಲಿಲ್ಲ. ಪಾರ್ಲರಿಗೆ ಫೋನ್ ಮಾಡಿ 'ಇವತ್ತು ಬರಲ್ಲ' ಅಂತ ತೆಲುಗಿನಲ್ಲಿ ಅಂದದ್ದು ಮಾತ್ರ ನನಗೂ ಅರ್ಥವಾಯಿತು.

ಮರುದಿನ ಬೆಳಿಗ್ಗೆ ದೀಪ ಹಚ್ಚಿ ಬಾಗಿಲಿಗೆ ಬಂದೆ. ಅವಳು ಚಪ್ಪಲಿ ಹಾಕುತ್ತಿದ್ದಳು. ನನ್ನ ಕೈ ತಾನಾಗಿಯೇ ಎದ್ದು, ಅರ್ಧಕ್ಕೆ ನಿಂತಿತು. ಇಳಿಸಲೂ ಆಗದು, ಒರೆಸಲೂ ಆಗದು.

ಫಣೀಂದ್ರ ಬಂದು ನನ್ನ ಮುಂದೆ ತಲೆ ಬಗ್ಗಿಸಿದರು.

ಫಣೀಂದ್ರ: ಇಲ್ಲಿ ಒರೆಸಿ ಅಮ್ಮಮ್ಮ. ಇಲ್ಲಿ ಹಾಳಾಗೋಕೆ ಏನೂ ಇಲ್ಲ.

ನಾಲ್ಕು ಬೆರಳೂ ಚೆನ್ನಾಗಿ ಒರೆಸಿದೆ.

ಹಿಂದಿನಿಂದ ಖಾಲಿ ಲೋಟದ ಸದ್ದಾಯಿತು. ಟಣ್.

ಹರ್ಷಿತಾ: ಒಂದು. ಇವತ್ತಿಂದ ಕಾಳು ಹಾಕೋದು ನಾನು ಅಜ್ಜಿ. ಇವರಿಗೆ ಕೂದಲು ಬಂದ್ರೆ ಶಾಂಪೂ ತರೋಣ.