ಒಗ್ಗರಣೆಯ ಹೊತ್ತಿಗೆ ಬರುವ ಪ್ರಶ್ನೆಗಳು

ಸಿಂಚನಾ, ಪ್ರಜ್ವಲ್, ಇಬ್ಬರೂ ಕೇಳಿ, ನಿಮ್ಮ ಅಜ್ಜಿ ಬರೆಯುತ್ತಿದ್ದೇನೆ. ನಿಮ್ಮ ತಾತನ ತಮ್ಮ, ಸಣ್ಣ ತಾತನಷ್ಟು ಪ್ರಶ್ನೆಗಳನ್ನು ಪ್ರೀತಿಸುವ ಮನುಷ್ಯ ಇಡೀ ಹೊಳಲ್ಕೆರೆಯಲ್ಲಿ ಇನ್ನೊಬ್ಬರಿಲ್ಲ. ಅವರಷ್ಟು ಪ್ರಶ್ನೆಗಳನ್ನು ಬಾಗಿಲಿಂದಲೇ ವಾಪಸ್ ಕಳಿಸಿದವರೂ ಇಲ್ಲ! "ಇನ್ನೊಂದು ಮುದ್ದೆ ಹಾಕಲೇನಪ್ಪ?" ಎಂದು ನಾನು ಕೇಳಿದರೆ ಬೇಕು, ಬೇಡ ಎನ್ನುವ ಬದಲು, "ತೀರಾ ಸುಲಭದ ಪ್ರಶ್ನೆ ಆಯ್ತು ಅತ್ತಿಗಮ್ಮ" ಎನ್ನುತ್ತಾರೆ. ಅಷ್ಟರಲ್ಲಿ ಸಾರು ಆರಿರುತ್ತದೆ.

ಅವರು ಮದುವೆ ಯಾಕೆ ಆಗಲಿಲ್ಲ ಎಂದು ನೀವು ಎಷ್ಟು ಸಲ ಕೇಳಿದ್ದೀರಿ. ಈಗ ಹೇಳುತ್ತೇನೆ. ಹೊಸದುರ್ಗದ ಕಡೆ ಒಂದು ಹೆಣ್ಣು ನೋಡಲು ನಿಮ್ಮ ತಾತ, ನಾನು, ಅವರು ಹೋಗಿದ್ದೆವು. ಹುಡುಗಿಯ ಅಪ್ಪ ಒಳ್ಳೆಯವರು. "ನೀನೂ ಏನಾದ್ರೂ ಕೇಳಮ್ಮ" ಎಂದು ಮಗಳಿಗೆ ಹೇಳಿದರು. ಆ ಹುಡುಗಿ ತಲೆ ತಗ್ಗಿಸಿಕೊಂಡೇ, "ನಿಮಗೆ ಯಾವ ಅಡಿಗೆ ಇಷ್ಟ?" ಎಂದಳು. ನಮ್ಮ ಮಹಾರಾಯರು ಏನೆಂದರು ಗೊತ್ತೇ? "ಇದು ಎಲ್ಲರೂ ಕೇಳೋದೇ. ಇನ್ನೊಂದಿಷ್ಟು ಯೋಚನೆ ಮಾಡಿ ಕೇಳಮ್ಮ, ಟೈಮ್ ಐತೆ!" ನಾವು ಉಪ್ಪಿಟ್ಟು ತಿಂದು ವಾಪಸ್ ಬಂದೆವು. ದಾರಿಯುದ್ದಕ್ಕೂ ನಿಮ್ಮ ತಾತ ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಶ್ರೀರಾಂಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಹಳೆಯ ಶಿಷ್ಯನೊಬ್ಬ ಇಂಟರ್‌ನೆಟ್ಟಿನಲ್ಲಿ ಒಂದು ತಾಣ ಮಾಡಿಕೊಟ್ಟ. ಅದರ ಹೆಸರು "ಯಾಕೆ, ಹೆಂಗೆ?" ದುರ್ಗ, ಹಿರಿಯೂರು, ಹೊಸದುರ್ಗ, ನಮ್ಮೂರು, ಎಲ್ಲ ಕಡೆಯ ಜನ ಅಲ್ಲಿ ವಿಜ್ಞಾನದ ಪ್ರಶ್ನೆ ಕೇಳುತ್ತಾರೆ, ತಿಳಿದವರು ಉತ್ತರ ಬರೆಯುತ್ತಾರೆ. ಯಾವ ಪ್ರಶ್ನೆ ಎಷ್ಟು ಕಷ್ಟದ್ದು, ಯಾವುದು ಒಳ್ಳೆಯದು, ಯಾವುದು ಕೆಲಸಕ್ಕೆ ಬಾರದ್ದು ಎಂದು ನೋಡುವ ಜವಾಬ್ದಾರಿ ಸಣ್ಣ ತಾತನದು.

ಮೊದಮೊದಲು ಒಂದನೇ ದರ್ಜೆ, ಎರಡನೇ ದರ್ಜೆ ಎಂದು ಹಾಕುತ್ತಿದ್ದರು. ಒಂದು ದಿನ ನಾನು ಅಂಗಳದಲ್ಲಿ ಜರಡಿ ಹಿಡಿಯುತ್ತಿದ್ದುದನ್ನು ನೋಡುತ್ತಾ ನಿಂತವರು, "ಸಿಕ್ತು!" ಎಂದು ಒಳಗೆ ಓಡಿದರು. ಅವತ್ತಿನಿಂದ ಸುಲಭದ ಪ್ರಶ್ನೆ ರವೆ, ಅದಕ್ಕಿಂತ ದಪ್ಪದ್ದು ನುಚ್ಚು, ಇನ್ನೂ ಗಟ್ಟಿ ಆದರೆ ಕಾಳು, ಯಾರ ಹಲ್ಲಿಗೂ ಬಗ್ಗದ್ದು ಕಲ್ಲು! ಒಬ್ಬ ತಾಯಿ ಹಿರಿಯೂರಿನಿಂದ ಫೋನ್ ಮಾಡಿ, "ನನ್ನ ಮಗನ ಪ್ರಶ್ನೆ ರವೆ ಅಂದ್ರಂತಲ್ಲ ಸಾರ್, ಬೆಳಗ್ಗಿಂದ ಊಟ ಬಿಟ್ಟು ಕುಂತವ್ನೆ" ಎಂದು ಅತ್ತರು. "ರವೇಲೇ ಉಪ್ಪಿಟ್ಟು ಆಗೋದು ಅಂತ ಹೇಳ್ರಿ, ಎದ್ದು ಉಣ್ತಾನೆ" ಎಂದರು ಇವರು.

ಆದರೆ ಜರಡಿ ನೋಡುವುದು ಕಷ್ಟವನ್ನು ಮಾತ್ರ. ಕಷ್ಟದ್ದೆಲ್ಲ ಒಳ್ಳೆಯ ಪ್ರಶ್ನೆ ಅಲ್ಲವಲ್ಲ! ಅದಕ್ಕೆ ಮೊರ ಬೇಕು, ಹೊಟ್ಟು ಹಾರಿಸುವುದಕ್ಕೆ. ಆ ಮೊರ ಯಾರು ಎಂದುಕೊಂಡಿರಿ? ನಾನು! ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು! ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ಸರಿಯಾಗಿ ಫೋನ್ ಹಿಡಿದು ಅಡಿಗೆಮನೆಗೆ ಬಂದು ಪ್ರಶ್ನೆ ಓದುತ್ತಾರೆ. ಉತ್ತರ ನನಗೆ ಗೊತ್ತಿರಬೇಕಿಲ್ಲ. ಕೇಳುತ್ತಿರುವುದು ಏನು ಎಂದು ಅರ್ಥವಾದರೆ ಸಾಕು, ಪ್ರಶ್ನೆ ಪಾಸು. ಅರ್ಥವಾಗದಿದ್ದರೆ ವಾಪಸ್.

ಒಮ್ಮೆ ಹಿರಿಯೂರಿನ ನಿವೃತ್ತ ಇಂಜಿನಿಯರ್ ಒಬ್ಬರು ಕಳಿಸಿದ್ದು ಹೀಗಿತ್ತು: "ಆವೃತ ಪಾತ್ರೆಯೊಳಗಿನ ಒತ್ತಡದ ವ್ಯತ್ಯಯವು ದ್ರವದ ಕುದಿಬಿಂದುವಿನ ಮೇಲೆ ಬೀರುವ ಪರಿಣಾಮದ ಪಾಕಶಾಸ್ತ್ರೀಯ ಪ್ರಸ್ತುತತೆ ಏನು?" ನಾನು ಸೌಟು ಹಿಡಿದುಕೊಂಡೇ ನಿಂತೆ. "ಬೈಗುಳ ಏನಪ್ಪ ಇದು?" ಎಂದೆ. ವಾಪಸ್ ಹೋಯಿತು. ಅವರು ಸುಮ್ಮನಿರುತ್ತಾರೆಯೇ? ಬಸ್ ಹತ್ತಿ ಮನೆಗೇ ಬಂದರು.

"ಯಾರ್ರಿ ನನ್ನ ಪ್ರಶ್ನೆ ವಾಪಸ್ ಕಳಿಸಿದ್ದು?"

"ಬರ್ರಿ, ಕುಂತ್ಕಳ್ರಿ. ನಮ್ಮ ಪರಿಶೀಲನಾ ಸಮಿತಿ."

"ಸಮಿತೀಲಿ ಎಷ್ಟು ಜನ?"

"ಒಬ್ರು."

"ಏನು ಓದವ್ರೆ?"

"ಏಳ್ನೇ ಕ್ಲಾಸು. ಅದಕ್ಕೇ ಇಟ್ಕಂಡಿರೋದು!"

ಸಮಿತಿ ಬಾಗಿಲ ಹಿಂದೆ ಸೆರಗು ಕಚ್ಚಿಕೊಂಡು ನಿಂತಿತ್ತು. ಆಮೇಲೆ ಕಾಫಿ ಕುಡಿಯುತ್ತಾ ಅವರೇ ಹೇಳಿದರು: "ಅಲ್ಲಾ ಸಾರ್, ನಾನು ಕೇಳಿದ್ದು ಇಷ್ಟೇ, ಕುಕ್ಕರಲ್ಲಿ ಬೇಳೆ ಯಾಕೆ ಬೇಗ ಬೇಯ್ತದೆ ಅಂತ." ಸಣ್ಣ ತಾತ ಒಳಗೆ ತಿರುಗಿ, "ಅತ್ತಿಗಮ್ಮ, ಅರ್ಥ ಆಯ್ತಾ?" ಎಂದರು. "ಆಯ್ತು" ಎಂದೆ. ಆ ಪ್ರಶ್ನೆಗೆ ಉತ್ತರಗಳು ಬಂದಿದ್ದೇ ಬಂದಿದ್ದು.

ಸಣ್ಣ ತಾತ ತಪ್ಪೇ ಮಾಡುವುದಿಲ್ಲ ಎಂದಲ್ಲ. ಕುರಿ ಮೇಯಿಸುವ ಒಬ್ಬಾತ, ಉರಿಬಿಸಿಲಲ್ಲಿ ಕುರಿಗಳು ಒಂದರ ಹೊಟ್ಟೆ ಕೆಳಗೆ ಇನ್ನೊಂದು ತಲೆ ಇಟ್ಟು ಗುಂಪಾಗಿ ನಿಲ್ಲುತ್ತವಲ್ಲ, ಗುಂಪಾದರೆ ಸೆಕೆ ಹೆಚ್ಚಾಗುವುದಿಲ್ಲವೇ ಎಂದು ಕೇಳಿದ. "ರವೆ" ಎಂದು ಹಾಕಿದರು. ಉತ್ತರ ಬರೆಯಲು ತಾವೇ ಕುಳಿತರು. ಸಂಜೆಗೆ ಅದು ನುಚ್ಚಾಯಿತು. ಮಾರನೇ ದಿನ ಕಾಳು. ಮೂರನೇ ದಿನ ಗಡ್ಡ ಕೆರೆದುಕೊಳ್ಳುತ್ತಾ "ಕಲ್ಲು" ಎಂದು ಬದಲಾಯಿಸಿ, ಕೆಳಗೆ "ತಪ್ಪು ನನ್ನದು, ಕುರಿಗಳದ್ದಲ್ಲ" ಎಂದು ಎಲ್ಲರೂ ನೋಡುವಂತೆ ಬರೆದರು.

ಇಷ್ಟೆಲ್ಲ ಪ್ರಶ್ನೆಗಳಿಗೆ ಮೊರವಾದ ನಾನು ಆ ತಾಣದಲ್ಲಿ ಒಂದೂ ಪ್ರಶ್ನೆ ಕೇಳಿರಲಿಲ್ಲ. ಶಾಲೆಯಲ್ಲಿ ಒಮ್ಮೆ, ಕೆರೆಯಲ್ಲಿ ಈಜುವ ಬಾತುಕೋಳಿಯ ಕಾಲಿಗೆ ಚಳಿಯಾಗುವುದಿಲ್ಲವೇ ಎಂದು ಕೇಳಿದ್ದೆ. "ನಿನ್ ಕಾಲು ನೋಡ್ಕ, ಕುಂತ್ಕ" ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. ಕುಳಿತವಳು ಮತ್ತೆ ಏಳಲಿಲ್ಲ.

ಆದರೆ ನಿಮ್ಮ ತಾತ ಹೋದ ಮೇಲೆ ಒಂದು ಪ್ರಶ್ನೆ ನನ್ನೊಳಗೆ ಕೂತುಬಿಟ್ಟಿತ್ತು. ದುರ್ಗದ ಆಸ್ಪತ್ರೆಯಲ್ಲಿ ಅವರು ಮೂರು ದಿನ ಕಣ್ಣು ಬಿಡದೆ ಮಲಗಿದ್ದರು. ನಿಮ್ಮ ತಾತನ ಜೊತೆ ನಾನು ಜೀವಮಾನವಿಡೀ ಆಡಿದ್ದು "ಊಟಕ್ಕೆ ಏಳ್ರಿ", "ಬಾಗಿಲು ಹಾಕ್ಕಳ್ರಿ", ಇಷ್ಟೇ. ಆ ಎರಡನೇ ದಿನ ಮಧ್ಯಾಹ್ನ, ಕೋಣೆಯಲ್ಲಿ ಯಾರೂ ಇಲ್ಲದಾಗ, ಅವರ ಕಿವಿಯ ಹತ್ತಿರ ಬಾಗಿ ಎಲ್ಲ ಹೇಳಿದೆ. ಅಷ್ಟು ಮಾತು ನನ್ನಲ್ಲಿತ್ತು ಎಂದು ನನಗೇ ಗೊತ್ತಿರಲಿಲ್ಲ. ಅವರಿಗೆ ಅದು ಕೇಳಿಸಿತೇ? ನಾಲ್ಕು ವರ್ಷದಿಂದ ಇದೊಂದೇ ನನಗೆ ತಿಳಿಯಬೇಕಿತ್ತು.

ಸಿಂಚನಾ, ದಸರಾ ರಜೆಯಲ್ಲಿ ಆ ಪ್ರಶ್ನೆಯನ್ನು ಫೋನಿನಲ್ಲಿ ಒತ್ತಿ ಕಳಿಸಿದವಳು ನೀನೇ. ಅಜ್ಜಿಯ ಹೆಸರು ಹಾಕಬೇಡ ಎಂದಿದ್ದೆ, ನೀನು ಹಾಕಲಿಲ್ಲ. ನೀನು ಊರಿಗೆ ಹೋದ ಮೇಲೆ ಏನಾಯಿತು ಎಂಬುದು ನಿನಗೆ ಗೊತ್ತಿಲ್ಲ.

ಎರಡು ದಿನ ಬಿಟ್ಟು ಸಣ್ಣ ತಾತ ಎಂದಿನಂತೆ ಸಾಸಿವೆ ಸಿಡಿಯುವಾಗ ಬಂದರು.

"'ಪ್ರಜ್ಞೆ ತಪ್ಪಿದವರಿಗೆ ಪಕ್ಕದಲ್ಲಿ ಆಡಿದ ಮಾತು ಕೇಳಿಸುತ್ತದೆಯೇ?' ಅರ್ಥ ಆಯ್ತಾ ಅತ್ತಿಗಮ್ಮ?"

"ಆಯ್ತು" ಎಂದೆ. ಒಗ್ಗರಣೆಗೆ ಎರಡು ಸಲ ಇಂಗು ಬಿತ್ತು.

"ನಿಮಗೆ ಆಯ್ತು, ನನಗೆ ಆಗ್ಲಿಲ್ಲ. ಯಾರಿಗೆ? ಯಾಕೆ ಪ್ರಜ್ಞೆ ಹೋಗಿತ್ತು? ಎಷ್ಟು ದಿನ? ಒಂದು ವಿವರ ಇಲ್ಲ. ಇಂಥವು ಊಹೆಗೆ ದಾರಿ ಮಾಡ್ತವೆ. ವಾಪಸ್."

ಬೆರಳು ಫೋನಿನ ಮೇಲೆ ಹೋಯಿತು. ಈಗ ಬಾಯಿ ಬಿಡದಿದ್ದರೆ ಇನ್ನು ಯಾವತ್ತೂ ಇಲ್ಲ ಎನ್ನಿಸಿತು.

"ತಡಿಯಪ್ಪ" ಎಂದೆ. ಒಲೆಯ ಕಡೆಯೇ ಮುಖ ಮಾಡಿಕೊಂಡು ಹೇಳಿದೆ: "ತಲೇಲಿ ರಕ್ತ ಸೋರಿತ್ತು. ಮೂರು ದಿನ ಕಣ್ಣು ಬಿಡ್ಲಿಲ್ಲ. ಮಾತಾಡಿದ್ದು ಎರಡ್ನೇ ದಿನ. ಎಡಗಿವಿ ಹತ್ರ. ಬಲಗಿವಿ ಮೊದ್ಲೇ ಮಂದ ಇತ್ತಲ್ಲ."

ತಿರುಗಿ ನೋಡಿದರೆ ಅವರು ಹೊಸ್ತಿಲ ಮೇಲೆ ಕುಳಿತು, ನಾನು ಹೇಳಿದ್ದನ್ನು ಒಂದೊಂದೇ ಅಕ್ಷರ ಒತ್ತಿ ಸೇರಿಸುತ್ತಿದ್ದರು. ರವೆ, ಕಾಳು, ಏನನ್ನೂ ಹಾಕದೆ ಹಾಗೇ ತಾಣಕ್ಕೆ ಏರಿಸಿದರು.

ಒಬ್ಬ ಡಾಕ್ಟರಮ್ಮ ಉತ್ತರ ಬರೆದರು. ಹಾಗೆ ಮಲಗಿದ ಕೆಲವರಿಗೆ ಮಾತು ಕೇಳಿಸುತ್ತಿರಬಹುದು ಎನ್ನುವುದಕ್ಕೆ ಗುರುತುಗಳು ಸಿಕ್ಕಿವೆ, ಎಲ್ಲರಿಗೂ ಹಾಗೆ ಎನ್ನಲಾಗದು, ಇವರಿಗೆ ಕೇಳಿಸಿತೇ ಎಂದು ಈಗ ಯಾರೂ ಹೇಳಲಾರರು ಎಂದಿತ್ತು. ಇನ್ನೊಬ್ಬರು, "ಖಂಡಿತ ಕೇಳಿಸಿರುತ್ತದೆ ತಾಯಿ, ಸಮಾಧಾನ ಮಾಡಿಕೊಳ್ಳಿ" ಎಂದು ಬರೆದಿದ್ದರು. ಸಣ್ಣ ತಾತ ಅದನ್ನೂ ನನಗೆ ಓದಿ ಹೇಳಿ, ನನ್ನೆದುರೇ ಅಳಿಸಿಬಿಟ್ಟರು!

ಜೀವನದಲ್ಲಿ ಮೊದಲ ಸಲ ಅವರ ಮೇಲೆ ರೇಗಿದೆ. "ಅದೊಂದನ್ನಾದ್ರೂ ಬಿಡಬಾರ್ದಿತ್ತಾ? ನಿನ್ನ ಗಂಟೇನು ಹೋಗ್ತಿತ್ತು?"

"ಅವರಿಗೆ ಹೆಂಗೆ ಗೊತ್ತು ಅತ್ತಿಗಮ್ಮ? ಅವರು ಅಲ್ಲಿ ಇರ್ಲಿಲ್ಲ." ಫೋನ್ ಕೆಳಗಿಟ್ಟರು. ಆಮೇಲೆ, "ನಾನಿದ್ದೆ" ಎಂದರು.

"ನೀನು ಔಷಧಿ ತರಕ್ಕೆ ಹೋಗಿದ್ದೆ."

"ತಂದಿದ್ದೆ. ಬಾಗಿಲ ತಾವ ಬಂದಾಗ ನೀವು ಮಾತಾಡ್ತಿದ್ರಿ. ನೀವು ಹಂಗೆ ಮಾತಾಡಿದ್ದು ನಾನು ಯಾವತ್ತೂ ಕೇಳಿರ್ಲಿಲ್ಲ. ಒಳಗೆ ಬರಕ್ಕೆ ಕಾಲು ಬರ್ಲಿಲ್ಲ. ನರ್ಸ್ ಬಂದ್ರೆ ಅವರನ್ನೂ ತಡೆದೆ. 'ನಮ್ಮ ಅತ್ತಿಗಮ್ಮ ಮಾತಾಡ್ತಾ ಅವ್ರೆ, ಆಮೇಲೆ ಬರ್ರಿ' ಅಂದೆ. ಅಣ್ಣಂಗೆ ಕೇಳಿಸ್ತೋ ಇಲ್ವೋ, ಸುಳ್ಳು ಹೇಳಲ್ಲ, ನನಗೆ ಗೊತ್ತಿಲ್ಲ. ನನಗೆ ಕೇಳಿಸ್ತು."

"ಎಲ್ಲಾನೂ?"

"ಹಾಲಿನ ಕೆನೆ ತಿಂತಿದ್ದುದು ಬೆಕ್ಕಲ್ಲ, ನೀವು ಅನ್ನೋದೂ."

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಅವರೂ ಕನ್ನಡಕ ತೆಗೆದು ಒರೆಸಿಕೊಂಡರು. ಅವತ್ತು ಸಾರು ಪೂರ್ತಿ ಸೀದುಹೋಯಿತು. ಇಬ್ಬರೂ ಮಜ್ಜಿಗೆ ಹಾಕಿಕೊಂಡು ಉಂಡೆವು.

ಮಕ್ಕಳೇ, ಈ ಹಾಳೆಗಳನ್ನು ನಿಮ್ಮ ಅಂಕಪಟ್ಟಿ ಇಡುವ ಕವರಿನಲ್ಲೇ ಜೋಪಾನ ಮಾಡಿ. ಫೋಟೋ ತೆಗೆದು ಯಾರಿಗೂ ಕಳಿಸಬೇಡಿ, ನನಗೆ ನಾಚಿಕೆ. ಆದರೆ ಹರಿಯಬೇಡಿ. ನಾನು ನಿಮ್ಮ ತಾತನಿಗೆ ಆಡಿದ ಮಾತನ್ನು ಒಬ್ಬರಾದರೂ ಕೇಳಿಸಿಕೊಂಡಿದ್ದರು ಎಂಬುದು ಎಲ್ಲಾದರೂ ಒಂದು ಕಡೆ ಬರೆದಿರಬೇಕು.